ಎರಡನೇ ಬಿನ್ನಿನ ಮೂವತ್ತೇಳು ಡಿಗ್ರಿ

…ಅಲ್ಲಲ್ಲ, ನೆಲದ ಮೇಲಲ್ಲ, ಕುರ್ಚಿ ಮೇಲೆ! ಕುರ್ಚಿ ಮೇಲೆ ಕೂತ್ಕೋ ಅಂದೆ, ವಜೀರಾ. ಯಾಕೆ ಹಾಗೆ ನೋಡ್ತೀಯ? ಕುರ್ಚಿ ಇರೋದು ಕೂರೋದಕ್ಕೆ ತಾನೆ? ಇಷ್ಟು ದಿನ ನಾನೇನು ಬೇಡ ಅಂದಿದ್ನಾ?… ಸರಿ, ಅಂದಿರಬಹುದು. ನಿನ್ನ ಸೆರಗಿನ ತುಂಬಾ ಜೋಳದ ಹೊಟ್ಟು ಇರುತ್ತೆ, ಕುರ್ಚಿಗೆ ನಾನೇ ಕೈಯಾರೆ ಹೆಣೆದ ಕ್ರೋಶಾ ಹೊದಿಕೆ ಇದೆ, ಅದಕ್ಕೆ ಅಂದಿರಬಹುದು. ಅದಕ್ಕೆ ಬೇರೆ ಅರ್ಥ ಕಟ್ಟಬೇಡ. ಕೂತ್ಕೋ. ತುದಿಯಲ್ಲಲ್ಲ, ಪೂರ್ತಿ. ಬೆನ್ನು ನೆಟ್ಟಗೆ. ಹಾಂ.

ಟೀ ತಗೋ. ಏನು ಹುಡುಕ್ತಿದೀಯ? ಆ ಕಿಟಕಿ ಮೇಲಿನ ಲೋಟವಾ? ಅದು ಇನ್ನು ಬೇಡ. ಈವತ್ತಿನಿಂದ ಈ ಆಫೀಸಿನಲ್ಲಿ ಎಲ್ಲರಿಗೂ ಒಂದೇ ಥರದ ಕಪ್ಪು. ಇದು ನಮ್ಮ ಮನೇದು, ಹೂವಿನ ಸೆಟ್ಟು, ನಮ್ಮ ಯಜಮಾನರು ದಕ್ಷಿಣಾಮೂರ್ತಿಯವರು ರಿಟೈರ್ ಆದಾಗ ಅವರ ಆಫೀಸಿನವರು ಕೊಟ್ಟಿದ್ದು. ನೋಡು, ಕಾನ್ವೆಂಟಿನಲ್ಲಿ ಓದಿದವಳು ನಾನು. ನನ್ನ ಮನಸ್ಸಿನಲ್ಲಿ ಭೇದ ಅನ್ನೋದು ಯಾವತ್ತೂ… ಯಾಕೆ ನಗ್ತೀಯ? ನಕ್ಕೆ ನೀನು, ನಾನು ನೋಡಿದೆ. ಆ ಲೋಟ ಬೇರೆ ಇಟ್ಟಿದ್ದು ಭೇದಕ್ಕಲ್ಲ ಕಣೇ, ಗುರುತಿಗೆ. ಪ್ರತಿಯೊಂದು ವಸ್ತುವಿಗೂ ಅದರದೇ ಜಾಗ ಅಂತ ಇರಬೇಕು. ಸಿಸ್ಟರ್ ಆಗ್ನೆಸ್ ಅದನ್ನೇ ಹೇಳ್ತಿದ್ರು. ಸ್ಕೇಲಿಗೊಂದು ಜಾಗ, ರಬ್ಬರಿಗೊಂದು ಜಾಗ. ಮೂರು ವರ್ಷದಿಂದ ನೀನು ಒಂದು ದಿನವಾದ್ರೂ ಆ ಲೋಟ ಬೇಡ ಅಂದಿದ್ಯಾ? ಇಲ್ಲ. ಮತ್ತೆ?

ಕುಡಿ, ಆರಿ ಹೋಗುತ್ತೆ.

ಈಗ ಗಂಟೆ ಹತ್ತಾಯ್ತು. ಹತ್ತೂವರೆಗೆ ಬೀಜ ಪರೀಕ್ಷೆಯ ಇನ್‌ಸ್ಪೆಕ್ಟರು ಚಿಕ್ಕಬಳ್ಳಾಪುರದಿಂದ ಬರ್ತಾರೆ. ಅಷ್ಟರಲ್ಲಿ ನಾವಿಬ್ಬರೂ ಒಂದು ಕೆಲಸ ಮುಗಿಸಿಬಿಡಬೇಕು. ಸಣ್ಣ ಕೆಲಸ. ಐದು ನಿಮಿಷದ್ದು. ಅದಕ್ಕೇ ನಿನ್ನನ್ನ ಒಬ್ಬಳನ್ನೇ ಕರೆಸಿ ಬಾಗಿಲು ಹಾಕಿದ್ದು. ಹೊರಗೆ ಆ ಹೊಂಗೆ ಮರದ ಕೆಳಗೆ ಕದಿರಮ್ಮನೂ ಅವಳ ಪಟಾಲಮ್ಮೂ ಬೆಳಗ್ಗೆಯಿಂದ ಕೂತಿದಾರಲ್ಲ, ಅವರ ಮುಂದೆ ಮಾತಾಡೋಕಾಗುತ್ತಾ? ಎಲೆ ಅಡಿಕೆ ಜಗಿದೂ ಜಗಿದೂ ಅಂಗಳವೆಲ್ಲಾ ಕೆಂಪು ಮಾಡಿದಾರೆ. ಬೀಜ ಬೆಳೆಯೋ ಸಂಘದ ಸದಸ್ಯೆಯರು ಇವರು! ಉಗಿಯೋದಕ್ಕೆ ಒಂದು ಡಬ್ಬ ಇಡಿಸಿದೀನಿ, ಅದರಲ್ಲಿ ಚೆಂಡುಹೂವಿನ ಗಿಡ ನೆಟ್ಟಿದಾರೆ.

ಕಾಗದ ಬಂದಿರೋದು ನಿಂಗೆ ಗೊತ್ತಲ್ಲ. ಊರಿಗೆಲ್ಲಾ ಗೊತ್ತು. ಎರಡನೇ ಬಿನ್ನಿನ, ಅಂದ್ರೆ ಆ ಎರಡನೇ ತಗಡಿನ ಕಣಜದ ಮುಸುಕಿನ ಜೋಳದಲ್ಲಿ ನೂರು ಕಾಳು ತೆಗೆದು ಒದ್ದೆ ಕಾಗದದಲ್ಲಿ ಸುತ್ತಿ ಇಟ್ಟರೆ, ಏಳು ದಿನಕ್ಕೆ ಮೊಳಕೆ ಬಂದಿರೋದು ಒಂಬತ್ತು. ತೊಂಬತ್ತಲ್ಲ, ಒಂಬತ್ತು! ಇನ್ನು ತೊಂಬತ್ತೊಂದು ಹಾಗೇ ಸತ್ತು ಮಲಗಿವೆ. ನೋಡೋದಕ್ಕೇನೋ ಚಿನ್ನದ ಹಾಗಿವೆ. ಬೀಜ ಅಂತ ಮಾರೋ ಹಾಗಿಲ್ಲ, ಕೋಳಿ ಮೇವಿಗೆ ಕೊಡಿ ಅಂತ ಬರೆದಿದಾರೆ. ಅರವತ್ತು ಹೆಂಗಸರು ನಾಲ್ಕು ತಿಂಗಳು ಹೊಲದಲ್ಲಿ ನಿಂತು, ಗಂಡು ಸಾಲು ಹೆಣ್ಣು ಸಾಲು ನೋಡಿಕೊಂಡು, ಒಂದೊಂದು ಗಿಡದ ತುರಾಯಿ ಕೈಯಲ್ಲಿ ಕಿತ್ತು ಬೆಳೆದ ಬೀಜ… ಕೋಳಿಗೆ.

ತಲೆ ಅಲ್ಲಾಡಿಸಬೇಡ. ನಂಗೂ ಹೊಟ್ಟೆ ಉರಿಯುತ್ತೆ. ಈ ಸಂಘ ಕಟ್ಟಿದವಳು ನಾನು. ಪೆರೇಸಂದ್ರದಲ್ಲಿ ಹೆಂಗಸರು ಬೀಜದ ಕಾರ್ಖಾನೆ ನಡೆಸ್ತಾರೆ ಅಂದ್ರೆ ಚಿಂತಾಮಣಿ ಮಂಡಿಯವರು ನಗ್ತಿದ್ರು. ಆರು ವರ್ಷದಿಂದ ಕಾರ್ಯದರ್ಶಿ. ಒಂದು ಕಾಗದದಲ್ಲಿ ಒಂದು ಚಿತ್ತಿಲ್ಲ!

ಈಗ ಇನ್‌ಸ್ಪೆಕ್ಟರು ಕೇಳೋದು ಒಂದೇ ಪ್ರಶ್ನೆ. ಬಿನ್ನಿಗೆ ಬಿಸಿಗಾಳಿ ಬಿಟ್ಟು ಒಣಗಿಸೋವಾಗ ಕಾವು ನಲವತ್ತು ದಾಟಬಾರದು ಅಂತ ಇದೆ. ನಾನೇ ಬಿನ್ನಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿದೀನಿ, ಗುಂಡಗೆ, ಸುಂದರವಾಗಿ. ಆದ್ರೂ ದಾಟಿದೆ. ಹೇಗೆ ದಾಟಿತು, ಯಾರ ತಪ್ಪು? ಅಷ್ಟೇ. ಬಿನ್ ನೋಡಿಕೊಳ್ಳೋಳಿಗೆ ತಿಳಿವಳಿಕೆ ಸಾಲದು ಅಂತಾದ್ರೆ ಆ ಒಬ್ಬಳನ್ನ ಬಿಡಿಸಿ, ಎಚ್ಚರಿಕೆ ಕೊಟ್ಟು, ಫೈಲು ಮುಚ್ತಾರೆ. ಅದೇ ಕಾರ್ಯದರ್ಶಿಯ ತಪ್ಪು ಅಂತಾದ್ರೆ… ಅಂತ ಆಗೋದಿಲ್ಲ ಬಿಡು. ಆದ್ರೆ ಅಂತ ಇಟ್ಕೋ. ಆಗ ನನ್ನನ್ನ ತೆಗೀತಾರೆ. ನನ್ನ ಜಾಗಕ್ಕೆ ಯಾರು ಬರ್ತಾರೆ ಗೊತ್ತಾ? ಕದಿರಮ್ಮ! ಹೆಬ್ಬೆಟ್ಟು! ಯೋಚನೆ ಮಾಡು. ಸಂಘದ ಲೆಟರ್‌ಹೆಡ್ಡಿನ ಮೇಲೆ ಎಲೆ ಅಡಿಕೆ ಕಲೆ!

ಅದಕ್ಕೇ ಒಂದು ಹೇಳಿಕೆ ಬರೆದಿಟ್ಟಿದೀನಿ. ನಿನ್ನ ಹೆಸರಿನಲ್ಲಿ. ಓದ್ತೀನಿ, ಕೇಳು. “ವಜೀರುನ್ನೀಸಾ ಆದ ನಾನು ಶಿಡ್ಲಘಟ್ಟದಲ್ಲಿ ಹತ್ತು ವರ್ಷ ರೇಷ್ಮೆಗೂಡು ಒಣಗಿಸುವ ಕೋಣೆಯಲ್ಲಿ ಕೆಲಸ ಮಾಡಿದವಳಾಗಿದ್ದು, ಅಲ್ಲಿ ಗೂಡಿನೊಳಗಿನ ಹುಳು ಸಾಯುವಂತೆ ತೀವ್ರ ಶಾಖ ಕೊಡುವುದು ರೂಢಿಯಾಗಿರುವುದರಿಂದ, ಅಭ್ಯಾಸಬಲದಿಂದ ಬೀಜದ ಜೋಳಕ್ಕೂ ಅದೇ ರೀತಿ…” ಹೇಗಿದೆ? ಅಭ್ಯಾಸಬಲ! ಆ ಪದಕ್ಕೆ ಅರ್ಧ ಗಂಟೆ ಯೋಚನೆ ಮಾಡಿದೆ. ತಪ್ಪು ಅಂತಲೂ ಆಗಲಿಲ್ಲ, ನಿರ್ಲಕ್ಷ್ಯ ಅಂತಲೂ ಆಗಲಿಲ್ಲ. ಅಭ್ಯಾಸ. ಪಾಪ, ಹೆಂಗಸು ಏನು ಮಾಡ್ತಾಳೆ ಅಂತ ಅವರಿಗೂ ಅನ್ನಿಸಬೇಕು. ನಿನ್ನ ಮರ್ಯಾದೆ ಉಳಿಸೋದಕ್ಕೇ ಅಷ್ಟು ಕಷ್ಟಪಟ್ಟಿದೀನಿ.

ಮುಂದೆ ಇಷ್ಟೇ. “ಆ ದಿನ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಅಂಕಿ ಹೇಳಿದವಳು ನಾನು. ಕಾರ್ಯದರ್ಶಿಯವರು ನಾನು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡಿರುತ್ತಾರೆ. ಕಾವು ಹೆಚ್ಚಾದ ಬಗ್ಗೆ ನಾನು ಯಾರಿಗೂ ತಿಳಿಸಿರುವುದಿಲ್ಲ.” ಕೆಳಗೆ ನಿನ್ನ ಸಹಿ. ಉರ್ದುವಿನಲ್ಲೇ ಹಾಕು, ನನ್ನದೇನೂ ಅಭ್ಯಂತರವಿಲ್ಲ. ಎಲ್ಲಾ ಭಾಷೆಗಳಿಗೂ ನಾನು ಗೌರವ ಕೊಡೋಳು. ಬಲದಿಂದ ಎಡಕ್ಕೆ ಬರೆದರೂ ಗೆರೆಯ ಮೇಲೆ ಬರೆ, ಅಷ್ಟೇ.

ತಗೋ ಪೆನ್ನು.

ವಜೀರಾ, ಪೆನ್ನು.

ಕೈ ಒರೆಸಿಕೊಳ್ತೀಯಾ? ಒರೆಸಿಕೋ… ಸೆರಗಿಗೆ ಬೇಡ! ಹೋಗಲಿ, ಸೆರಗಿಗೇ ಒರೆಸಿಕೋ.

ಏನು? ಆ ಕಡೆ ಯಾಕೆ ನೋಡ್ತೀಯ? ಕಿಟಕಿಯಿಂದ ಏನು ಕಾಣುತ್ತೆ? ಒಂದನೇ ಬಿನ್. ಗೊತ್ತು ನಂಗೆ. ಒಂದನೇ ಬಿನ್ ಒಣಗಿಸಿದವಳೂ ನೀನೇ, ಅದರಲ್ಲಿ ನೂರಕ್ಕೆ ತೊಂಬತ್ತೆರಡು ಮೊಳಕೆ ಬಂತು. ಅದೇ ಹೆಂಗಸು, ಅದೇ ಅಭ್ಯಾಸ, ಅಲ್ಲಿ ಯಾಕೆ ಬೀಜ ಸಾಯಲಿಲ್ಲ ಅಂತ ಇನ್‌ಸ್ಪೆಕ್ಟರು ಕೇಳಿದ್ರೆ ಅಂತ ತಾನೆ? ನೀನು ಕೇಳಲಿಲ್ಲ ನಿಜ. ಆದ್ರೆ ನೋಡಿದ ರೀತಿ ಹಾಗಿತ್ತು. ಅದಕ್ಕೂ ಉತ್ತರ ಇದೆ. ಅಭ್ಯಾಸಬಲ ಅನ್ನೋದು ಒಂದೊಂದು ಸಲ ಇರುತ್ತೆ, ಒಂದೊಂದು ಸಲ ಇರೋದಿಲ್ಲ. ಯಾಕೆ, ನಾನೇ ಎಷ್ಟೋ ಸಲ ಊಟಕ್ಕೆ ಮುಂಚೆ ಪ್ರೇಯರ್ ಹೇಳ್ತೀನಿ, ಎಷ್ಟೋ ಸಲ ಮರೀತೀನಿ. ಬ್ರಾಹ್ಮಣರ ಮನೇಲಿ ಏನು ಪ್ರೇಯರು ಅಂತ ನಮ್ಮತ್ತೆ ವೆಂಕಟಲಕ್ಷ್ಮಮ್ಮನವರು ಅನ್ನೋರು. ಅದು ಬೇರೆ ವಿಷಯ.

ನಿನ್ನನ್ನ ಕೆಲಸಕ್ಕೆ ತಗೊಂಡ ದಿನ ನೆನಪಿದೆಯಾ? ನಾನು ಕೇಳಿದೆ, ಕಾಳಿನ ವಿಷಯ ಏನು ಗೊತ್ತು ನಿಂಗೆ ಅಂತ. ನೀನು ಹೇಳಿದೆ, “ಎಷ್ಟು ಕಾವಿಗೆ ಒಳಗಿರೋ ಜೀವ ಹೋಗುತ್ತೆ ಅಂತ ಗೊತ್ತಮ್ಮಾ. ಅದಕ್ಕಿಂತ ಕಮ್ಮಿ ಕೊಟ್ರಾಯ್ತಲ್ಲ.” ಎಷ್ಟು ಚೆನ್ನಾಗಿ ಹೇಳಿದೆ! ಅವತ್ತೇ ಆಯ್ಕೆ ಮಾಡಿದೆ. ಬಿ.ಎಸ್ಸಿ. ಮಾಡಿದ ಹುಡುಗಿ ಹೊರಗೆ ಕಾಯ್ತಿದ್ಲು, ಅವಳ ಉಗುರಿನಲ್ಲಿ ಮಣ್ಣಿತ್ತು, ಬೇಡ ಅಂದೆ… ಈ ಮಾತು ಮಾತ್ರ ಇನ್‌ಸ್ಪೆಕ್ಟರ ಮುಂದೆ ಹೇಳಬೇಡ. ಜೀವ ಹೋಗೋ ಮಾತು. ಅದು ಈ ಹೇಳಿಕೆಗೆ ಹೊಂದೋದಿಲ್ಲ.

ಟೀ ಕೆನೆ ಕಟ್ತಾ ಇದೆ ನೋಡು. ಒಂದು ಗುಟುಕು ಕುಡಿದು ಸಹಿ ಹಾಕು. ಹಾಲು ಗಟ್ಟಿ ಹಾಕಿಸಿದೀನಿ.

ಯಾಕೆ ಬೇಡ? ಅಂಕಿ ಓದಿದವಳು ನೀನಲ್ಲ ಅಂತಲಾ? ಓದಿದವಳು ನೀನಲ್ಲ. ಒಪ್ಪಿದೆ. ನನ್ನ ನಿನ್ನ ಮಧ್ಯೆ ಒಪ್ಪಿದೆ. ಆ ಕಾರ್ಯಕ್ರಮದ ದಿನ ಬೆಳಗ್ಗೆ ಹತ್ತರಿಂದ ಎರಡರವರೆಗೆ ನಾನೇ ಏಣಿ ಹತ್ತಿ ಥರ್ಮಾಮೀಟರ್ ನೋಡಿದೆ. ಈ ವಯಸ್ಸಿನಲ್ಲಿ, ಮೈಸೂರು ಸಿಲ್ಕ್ ಸೀರೆ ಉಟ್ಟುಕೊಂಡು! ಯಾರು ಮಾಡ್ತಾರೆ ಹೇಳು? ನಿನ್ನನ್ನ ಹಿಂದುಗಡೆ ಟೀ ಪಾತ್ರೆ ತೊಳೆಯೋಕೆ ಕಳಿಸಿದ್ದು ನಿಂಗೆ ಬೇಜಾರಾಗಿರಬಹುದು. ಆದ್ರೆ ನನ್ನ ಸ್ಥಿತಿ ಯೋಚನೆ ಮಾಡು. ಮುಖ್ಯ ಅತಿಥಿ ಯಾರು? ಬೆಂಗಳೂರಿನ ಅಷ್ಟು ದೊಡ್ಡ ಅಧಿಕಾರಿಯ ಶ್ರೀಮತಿ. ನನ್ನ ಕಾನ್ವೆಂಟಿನವಳು, ನಂಗಿಂತ ಎರಡು ಕ್ಲಾಸು ಚಿಕ್ಕವಳು. ನಾನು ಮಾನಿಟರ್ ಆಗಿದ್ದಾಗ ಕೈ ಚಾಚಿ ಉಗುರು ತೋರಿಸಿದವಳು. ಈಗ ಅವಳು ಕಾರಿನಲ್ಲಿ ಬರೋದು, ನಾನು ಜೋಳದ ಗೋದಾಮಿನ ಮುಂದೆ ನಿಲ್ಲೋದು. ಅವಳ ಮುಂದೆ ಬಿನ್ನಿನ ಮೇಲೆ, ತಲೆಗೆ ಟವೆಲು ಸುತ್ತಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ನೀನು ಕೂತಿದ್ರೆ… ಏನಂದುಕೊಂಡಾಳು? ನಮ್ಮ ಪಂಕಜಾ ಏನೋ ಸೈಂಟಿಫಿಕ್ ಆಗಿ ನಡೆಸ್ತಾಳೆ ಅಂತ ಬಂದ್ರೆ ಇಲ್ಲಿ ಯಾವುದೋ ಜಿನ್ನು ಕೂತಿದೆ ಅನ್ನೋದಿಲ್ವಾ?

ಜಿನ್ನು ಅಂದಿದ್ದು ತಮಾಷೆಗೆ ಕಣೇ.

ಬಿನ್ನಿನ ಬಾಯಿ ತೆಗೆದು ಅವಳ ಕೈಯಿಂದಲೇ ಮೊದಲ ಮೂಟೆ ತುಂಬಿಸಬೇಕು ಅಂತ ಕಾರ್ಯಕ್ರಮ. ಕಾಳು ಒಣಗಿದ್ರೆ ಸರಸರ ಅಂತ ಮಳೆ ಬಂದ ಹಾಗೆ ಇಳಿಯುತ್ತೆ. ಹಸಿ ಇದ್ರೆ ಮುದ್ದೆ ಮುದ್ದೆಯಾಗಿ, ಛೀ, ಅಸಹ್ಯ. ನೀನು ಏನಂದಿದ್ದೆ? ಇನ್ನೂ ಎರಡು ದಿನ ಬೇಕು ಅಂದಿದ್ದೆ. ಅತಿಥಿ ಬರೋದು ಆ ಮಧ್ಯಾಹ್ನ ಮೂರಕ್ಕೆ! ನಾನೇನು ಅವಳಿಗೆ ಫೋನು ಮಾಡಿ, ಸ್ವಲ್ಪ ತಡಿಯಮ್ಮಾ, ನಮ್ಮ ವಜೀರುನ್ನೀಸಾಗೆ ಇನ್ನೂ ಎರಡು ದಿನ ಬೇಕಂತೆ ಅನ್ನಲಾ? ಅದಕ್ಕೆ ಬಿನ್ನಿನ ಒಲೆಗೆ ಸ್ವಲ್ಪ ಹೆಚ್ಚು ಜೋಳದ ದಿಂಡು ಹಾಕು ಅಂತ ಒಲೆ ಉರಿಸೋ ಗಂಗುಲಪ್ಪನಿಗೆ ಹೇಳಿದೆ. ಅಷ್ಟೇ. ಥರ್ಮಾಮೀಟರ್ ನೋಡ್ಕೊಂಡೇ ಹೇಳಿದೆ. ಹತ್ತಕ್ಕೆ ನೋಡಿದೆ, ಮೂವತ್ತೇಳು. ಇನ್ನಷ್ಟು ಹಾಕು ಅಂದೆ. ಹನ್ನೊಂದಕ್ಕೂ ಮೂವತ್ತೇಳು. ಇನ್ನಷ್ಟು ಹಾಕು. ಹನ್ನೆರಡಕ್ಕೆ ಮೂವತ್ತೆಂಟು. ಒಂದಕ್ಕೆ ಮತ್ತೆ ಮೂವತ್ತೇಳು! ಆ ಮುದುಕ ಏನು ಗೊಣಗ್ತಾನೆ ಅಂತೀಯ, “ಅಮ್ಮಾ, ಪೊಯ್ಯಿ ನಿಂಡಿಪೋಯಿಂದಿ, ಇಂಕಾ ಎಕ್ಕಡ ಪೆಟ್ಟೇದಿ?” ಒಲೆ ತುಂಬಿದೆ, ಇನ್ನೆಲ್ಲಿ ಇಡಲಿ ಅಂತ. ನಾನು ಕನ್ನಡದಲ್ಲಿ ಆಜ್ಞೆ ಮಾಡಿದ್ರೆ ಅವನು ತೆಲುಗಿನಲ್ಲಿ ಬೆವರ್ತಾನೆ.

ನನ್ನ ತಪ್ಪು ಎಲ್ಲಿದೆ ಹೇಳು? ಪುಸ್ತಕ ನೋಡು. ಇಗೋ. ಅವತ್ತಿನ ಪುಟ. ಎಷ್ಟು ಚೆಂದ ಇದೆ! ನಿನ್ನ ಪುಟಗಳಲ್ಲಿ ಮೂವತ್ತಾರು, ನಲವತ್ತು, ಮೂವತ್ತೊಂಬತ್ತು, ಅಡ್ಡಾದಿಡ್ಡಿ, ಕೋಳಿ ಕೆದಕಿದ ಹಾಗೆ. ನನ್ನ ಪುಟ ನೋಡು… ಮೂವತ್ತೇಳು, ಮೂವತ್ತೇಳು, ಮೂವತ್ತೆಂಟು, ಮೂವತ್ತೇಳು, ಮೂವತ್ತೇಳು. ಆರೋಗ್ಯವಂತ ಮನುಷ್ಯನ ಮೈಯ ಕಾವು! ಬಿನ್ನಿಗೆ ಒಂದು ಚೂರೂ ಜ್ವರ ಇಲ್ಲ ಅಂದುಕೊಂಡು ಎಷ್ಟು ಸಂತೋಷಪಟ್ಟೆ ಗೊತ್ತಾ?

ಈಗ ಕಷ್ಟ ಇರೋದೇ ಇಲ್ಲಿ. ಬಿನ್ನು ಮೂವತ್ತೇಳು ಇದ್ರೆ ಬೀಜ ಯಾಕೆ ಸತ್ತಿತು? ಬೀಜ ಸತ್ತಿದೆ ಅಂದ್ರೆ ಬಿನ್ನು ಮೂವತ್ತೇಳು ಇರಲಿಲ್ಲ. ಮತ್ತೆ ಥರ್ಮಾಮೀಟರ್ ಯಾಕೆ ಹಾಗೆ ಹೇಳಿತು? ಥರ್ಮಾಮೀಟರ್ ಕೆಟ್ಟಿದೆ ಅಂತ ಹೇಳೋಣ ಅಂತ ನಾನೂ ಯೋಚಿಸಿದೆ. ಆದ್ರೆ ಮೊನ್ನೆ ಇನ್‌ಸ್ಪೆಕ್ಟರ ಕಡೆಯವನೊಬ್ಬ ಬಂದು ಬಿಸಿನೀರಿನಲ್ಲಿಟ್ಟು ಪರೀಕ್ಷೆ ಮಾಡಿ, ಸರಿಯಾಗಿದೆ ಅಂತ ಬರೆದುಕೊಂಡು ಹೋದ. ದರಿದ್ರದವನು. ಅಂದ್ರೆ ಉಳಿದಿದ್ದು ಓದಿದವರ ಕಣ್ಣು. ನನ್ನ ಕಣ್ಣು ತಪ್ಪು ಓದಿತು ಅಂತ ಹೇಳೋಕಾಗುತ್ತಾ? ಇಂಗ್ಲಿಷ್ ಮೀಡಿಯಮ್ ಕಣ್ಣು! ನಿನ್ನ ಕಣ್ಣು ಆದ್ರೆ ಯಾರೂ ಆಶ್ಚರ್ಯಪಡೋದಿಲ್ಲ.

ಯಾಕೆ ನನ್ನ ಕೈ ನೋಡ್ತಿದೀಯ?

ಕೈಯಲ್ಲಿ ಏನೂ ಇಲ್ಲ. ನೋಡು, ಉಗುರು ಶುಭ್ರ. ಕಾನ್ವೆಂಟಿನ ಉಗುರು… ಓ. ಅದಾ? ಅದನ್ನ ಕೇಳ್ತಿದೀಯಾ? ಅದು ನಾನೇ ಮಾಡಿದ್ದು, ಮುಚ್ಚಿಡೋ ವಿಷಯವೇನಲ್ಲ. ಅಷ್ಟು ಕೊಳಕು ಯಾರು ನೋಡಿಕೊಂಡಿರ್ತಾರೆ? ಅವತ್ತು ಬೆಳಗ್ಗೆ ಬಿನ್ನಿನೊಳಗೆ ಇಳಿಬಿಟ್ಟಿರೋ ಆ ಕಬ್ಬಿಣದ ಕೋಲು ಹೊರಗೆ ಎಳೆದು ನೋಡ್ತೀನಿ, ತುದಿಯಲ್ಲಿ ಕಟ್ಟಿರೋ ಥರ್ಮಾಮೀಟರಿನ ಬುರುಡೆಗೆ ನಿಂಬೆಹಣ್ಣಿನ ಗಾತ್ರದ ಮೇಣದ ಉಂಡೆ! ಅದಕ್ಕೆ ಹೊಟ್ಟು ಮೆತ್ತಿಕೊಂಡು, ಕೂದಲು ಮೆತ್ತಿಕೊಂಡು, ಕರ್ರಗೆ! ಅತಿಥಿಗೆ ಇದನ್ನ ತೋರಿಸಲಾ? ತಲೆಯ ಪಿನ್ನು ತೆಗೆದು ಕೆರೆದೆ, ಬಿಸಿನೀರಿನಲ್ಲಿ ಅದ್ದಿದೆ, ಡೆಟಾಲ್ ಹಾಕಿ ಉಜ್ಜಿದೆ. ಅರ್ಧ ಗಂಟೆ ಹಿಡೀತು. ಗಾಜು ಫಳಫಳ ಹೊಳೀತಿತ್ತು. ಮೇಲೆ ಒಂದು ನೀಲಿ ರಿಬ್ಬನ್ನೂ ಕಟ್ಟಿದೆ.

ಆಮೇಲೆ ತಾನೆ ಗೊತ್ತಾಗಿದ್ದು ಆ ಮೇಣ ಯಾಕೆ ಅಂತ. ನೀನು ಯಾವಾಗಲೋ ಹೇಳಿದ್ದೆ, ನಾನು ಗಮನ ಕೊಟ್ಟಿರಲಿಲ್ಲ. ಕೋಲು ಎಂಟಡಿ ಕೆಳಗಿರುತ್ತೆ, ಮೇಲಕ್ಕೆ ಎಳೆದು ನೋಡೋಷ್ಟರಲ್ಲಿ ತಣ್ಣನೆ ಗಾಳಿ ತಾಗಿ ಪಾದರಸ ಇಳಿದುಬಿಡುತ್ತೆ, ಮೇಣ ಇದ್ರೆ ಒಳಗಿನ ಕಾವನ್ನ ಸ್ವಲ್ಪ ಹೊತ್ತು ಹಿಡಿದಿಡುತ್ತೆ ಅಂತ. ಶಿಡ್ಲಘಟ್ಟದಲ್ಲಿ ಗೂಡಿನ ಮೂಟೆಗಳ ಕಾವು ನೋಡೋವಾಗ ಕಲಿತಿದ್ದು ಅಂತ. ಜ್ವರದ ಥರ್ಮಾಮೀಟರ್ ಆದ್ರೆ ಬಾಯಿಂದ ತೆಗೆದ ಮೇಲೂ ಹಾಗೇ ನಿಂತಿರುತ್ತೆ. ನಾನು ಹಾಗೇ ಅಂದುಕೊಂಡೆ. ಯಾರಾದ್ರೂ ಅಂದುಕೊಳ್ತಾರೆ! ನಾನು ಕೋಲು ಎಳೀತಿದ್ದೆ, ಸೀರೆ ಸರಿಮಾಡಿಕೊಳ್ತಿದ್ದೆ, ಬ್ಯಾಗಿನಿಂದ ಕನ್ನಡಕ ತೆಗೀತಿದ್ದೆ, ಕನ್ನಡಕ ಒರೆಸ್ತಿದ್ದೆ, ಆಮೇಲೆ ನೋಡ್ತಿದ್ದೆ. ಮೂವತ್ತೇಳು. ಪ್ರತಿ ಸಲವೂ ಅಷ್ಟೇ ಶಿಸ್ತಾಗಿ ಅಷ್ಟೇ ಹೊತ್ತು ಒರೆಸ್ತಿದ್ದೆ, ಅದಕ್ಕೇ ಪ್ರತಿ ಸಲವೂ ಮೂವತ್ತೇಳು…

ನಗು. ನಕ್ಕುಬಿಡು. ದಕ್ಷಿಣಾಮೂರ್ತಿಯವರೂ ನಕ್ಕರು. ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, ಸಾರನ್ನ ನೆತ್ತಿಗೆ ಹತ್ತಿಸಿಕೊಂಡರು.

ನಗೋದಿಲ್ವಾ? ಯಾಕೆ? ಇದು ನಗೋ ವಿಷಯವೇ ಅಲ್ವಾ? ಶುಚಿತ್ವ ತಾನೆ ನನ್ನ ಅಪರಾಧ? ಶುಚಿತ್ವಕ್ಕೆ ಯಾವ ದೇಶದಲ್ಲಿ ಶಿಕ್ಷೆ ಇದೆ? ಆದ್ರೆ ಹೇಳಿಕೆಯಲ್ಲಿ ಹೀಗೆ ಬರೆಯೋಕಾಗೋದಿಲ್ಲ. “ಕಾರ್ಯದರ್ಶಿಯವರು ಡೆಟಾಲ್ ಹಾಕಿ ತೊಳೆದದ್ದರಿಂದ ಅರವತ್ತು ಜನರ ಬೀಜ ಸತ್ತಿತು” ಅಂತ ಬರೆದರೆ ಅದು ಬೆಂಗಳೂರಿಗೆ ಹೋಗುತ್ತೆ. ಅವಳ ಗಂಡನ ಮೇಜಿಗೆ ಹೋಗುತ್ತೆ. ಅವಳ ಮನೆಯ ಊಟದ ಮೇಜಿಗೆ ಹೋಗುತ್ತೆ! ಅಭ್ಯಾಸಬಲ ಆದ್ರೆ ಯಾರೂ ಓದೋದೂ ಇಲ್ಲ.

ನಿಂಗೆ ನಷ್ಟ ಏನು ಹೇಳು? ಈ ಕೆಲಸ ಹೋಗುತ್ತೆ. ಹೋಗಲಿ. ನನ್ನ ತಂಗಿ ಚಿಂತಾಮಣಿಯಲ್ಲಿದಾಳೆ, ಅವಳ ಮನೇಲಿ ಹಪ್ಪಳ ಸಂಡಿಗೆ ಒಣಗಿಸೋದಕ್ಕೆ ಒಬ್ಬರು ಬೇಕು. ಬಿಸಿಲಿನಲ್ಲಿ ಒಣಗಿಸೋದು, ಥರ್ಮಾಮೀಟರಿನ ರಗಳೆಯೇ ಇಲ್ಲ. ನಾನು ಒಂದು ಕ್ಯಾರೆಕ್ಟರ್ ಸರ್ಟಿಫಿಕೇಟ್ ಕೊಡ್ತೀನಿ. ಟೈಪ್ ಮಾಡಿಸಿ. “ಪ್ರಾಮಾಣಿಕಳು, ಮಿತಭಾಷಿ.” ಮಿತಭಾಷಿ! ಅದಂತೂ ನೂರಕ್ಕೆ ನೂರು ಸತ್ಯ. ಬಂದು ಕೂತಾಗಿನಿಂದ ನೀನು ಒಂದು…

ಕದಿರಮ್ಮನ ಚಿಂತೆಯಾ? ಅವರಿಗೆಲ್ಲಾ ಏನು ಹೇಳೋದು ಅಂತಲಾ? ಬೀಜ ಸಾಯಿಸಿದವಳು ವಜೀರಾ ಅಂತ ಅವರು ಎರಡು ದಿನ ಬಯ್ತಾರೆ. ಮೂರನೇ ದಿನ ಮರೀತಾರೆ. ಮರೆಯೋದಿಲ್ಲ ಅಂತೀಯಾ? ಸಂತೆಯಲ್ಲಿ, ಬಸ್ಸಿನಲ್ಲಿ ಬೆರಳು ಮಾಡಿ ತೋರಿಸ್ತಾರೆ ಅಂತೀಯಾ? ನೀನು ಏನೂ ಅನ್ನಲಿಲ್ಲ, ಆದ್ರೆ ನಂಗೆ ಕೇಳಿಸ್ತಾ ಇದೆ. ವಿಚಿತ್ರ! ನೀನು ಸುಮ್ಮನೆ ಕೂತಷ್ಟೂ ನಂಗೆ ಹೆಚ್ಚು ಕೇಳಿಸ್ತಾ ಇದೆ. ಈ ಬಾಗಿಲು ಹಾಕಿದ್ದೇ ತಪ್ಪಾಯ್ತು, ಎಷ್ಟು ಸೆಕೆ.

ಎರಡನೇ ಸಾಲು ಬೇಡ ಅಂತಿದೀಯಾ? “ಅಂಕಿ ಹೇಳಿದವಳು ನಾನು” ಅನ್ನೋ ಸಾಲು? ತೆಗೆದುಬಿಡೋಣ. ಬರೆದುಕೊಂಡಿದ್ದು ನಾನು, ಓದಿದ್ದು ಯಾರು ಅಂತ ಸ್ಪಷ್ಟವಿಲ್ಲ ಅಂತ ಮಾಡೋಣ. ಸರಿನಾ? ಕೊನೇ ಸಾಲು ಮಾತ್ರ ಇರಲೇಬೇಕು. ಕಾವು ಹೆಚ್ಚಾದ ಬಗ್ಗೆ ಯಾರಿಗೂ ತಿಳಿಸಿಲ್ಲ ಅನ್ನೋದು.

ಅದನ್ನೇ ಯಾಕೆ ಬೆರಳಿಟ್ಟು ತೋರಿಸ್ತೀಯ? ಅದರಲ್ಲೇನಿದೆ? ಅದು ಬರೀ… ಪದ್ಧತಿಗೆ ಬರೆಯೋದು. ತಿಳಿಸಿದ್ರೆ ಯಾರಿಗೆ ತಿಳಿಸಿದೆ, ಎಷ್ಟು ಗಂಟೆಗೆ ತಿಳಿಸಿದೆ ಅಂತ ಅವರು ಮತ್ತೆ ಶುರು ಮಾಡ್ತಾರೆ. ನೀನು ಯಾರಿಗೆ ತಿಳಿಸಿದೆ? ಯಾರಿಗೂ ಇಲ್ಲ. ನೀನು ಹಿಂದುಗಡೆ ಪಾತ್ರೆ ತೊಳೀತಿದ್ದೆ. ಎರಡೂವರೆಗೆ ನಾನು ಗೇಟಿನಲ್ಲಿ ಹಾರ ಹಿಡಿದು ನಿಂತಿದ್ದೆ. ಕಾರು ಬಂತು. ಅವಳು ಇಳಿದಳು, ಆಕಾಶನೀಲಿ ಸೀರೆ. ಒಂದು ಕಡೆ ವಾಲಗ, ಇನ್ನೊಂದು ಕಡೆ ಆ ಮೈಕಿನವನು ಹಲೋ ಹಲೋ ಅಂತ ಕಿರುಚ್ತಿದ್ದ. ಅಷ್ಟು ಗಲಾಟೆಯಲ್ಲಿ ಯಾರು ಏನು ಅಂದ್ರೂ ಯಾರಿಗೂ ಕೇಳಿಸ್ತಿರಲಿಲ್ಲ. ನಾನು ಎಲ್ಲರನ್ನೂ ವಿಚಾರಿಸಿದೀನಿ. ಕದಿರಮ್ಮನನ್ನೂ ಕೇಳಿದೆ, ಗಂಗುಲಪ್ಪನನ್ನೂ ಕೇಳಿದೆ. ನೀನು ಬಿನ್ನಿನೊಳಗೆ ಭುಜದವರೆಗೆ ಕೈ ಹಾಕಿ ನೋಡಿ ಓಡಿ ಬಂದು “ಐವತ್ತೈದು ದಾಟಿದೆ, ಒಲೆಯಿಂದ ಬೆಂಕಿ ಎಳೆಸಿ ಅಮ್ಮಾ” ಅಂದಿದ್ದು ಯಾರೊಬ್ಬರಿಗೂ ಕೇಳಿಸಿಲ್ಲ!

…

ಕೈಯಲ್ಲಿ ನೋಡಿ ಐವತ್ತೈದು ಅನ್ನೋದಕ್ಕೆ ನೀನೇನು… ನೀನೇನು ಥರ್ಮಾಮೀಟರಾ…

ಹಾಗೆ ನೋಡಬೇಡ.

ಬೆಂಕಿ ಎಳೆದು ನೀರು ಹಾಕಿದ್ರೆ ಅಂಗಳದ ತುಂಬಾ ಹೊಗೆ ಆಗೋದು, ವಜೀರಾ. ಅವಳು ಆಗ ತಾನೆ ಇಳಿದಿದ್ದಳು. ನನ್ನ ಕೈ ಹಿಡಿದುಕೊಂಡು “ಪಂಕಜಾ, ನಿನ್ನ ಅಂಗಳ ಎಷ್ಟು ನೀಟಾಗಿದೆ” ಅಂತಿದ್ದಳು. ಇಪ್ಪತ್ತೊಂಬತ್ತು ವರ್ಷ ಆದಮೇಲೆ. ಒಂದು ಗಂಟೆ ಮಾತ್ರ, ಅವಳು ಹೋದ ತಕ್ಷಣ ಎಳೆಸೋಣ ಅಂದುಕೊಂಡೆ. ಅವಳು ಐದರವರೆಗೆ ಕೂತಳು. ಕೋಡುಬಳೆ ತಿಂದಳು. ಕಾಳು ಮಾತ್ರ ಎಷ್ಟು ಚೆನ್ನಾಗಿ ಇಳೀತು… ಸರಸರ ಅಂತ. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಹಿಂದೆ ಬಾಗಿಲ ಹತ್ತಿರ ನಿಂತಿದ್ದೆ, ಭುಜದವರೆಗೆ ಕೈ ಕೆಂಪಗಾಗಿತ್ತು. ಚಪ್ಪಾಳೆ ತಟ್ಟಲಿಲ್ಲ ನೀನು.

ಜೀಪಿನ ಸದ್ದು. ಬಂದ್ರು ಅಂತ ಕಾಣುತ್ತೆ. ಏನಾದ್ರೂ ಹೇಳೇ. ಹಾಕ್ತೀನಿ ಅನ್ನು, ಹಾಕೋದಿಲ್ಲ ಅನ್ನು. ಬಯ್ಯಿ ಬೇಕಾದ್ರೆ, ಉರ್ದುವಿನಲ್ಲೇ ಬಯ್ಯಿ. ಅವರು ಒಳಗೆ ಬಂದು, ಅವತ್ತು ನೀನು ಯಾರಿಗಾದ್ರೂ ಹೇಳಿದ್ಯಾ ಅಮ್ಮಾ ಅಂತ ಕೇಳಿದಾಗಲೂ ಹೀಗೇ ನನ್ನ ಮುಖ ನೋಡ್ಕೊಂಡು ಕೂತಿರ್ತೀಯಾ? ಹೀಗೇ? ಅವರಿಗೂ ಕಣ್ಣಿದೆ ಕಣೇ!

ಬಾಯಿ ಬಿಡು, ವಜೀರುನ್ನೀಸಾ. ದೊಡ್ಡವರ ಮುಂದೆ ಬಾಯಿ ತೆಗೀಬೇಡ, ಸುಮ್ಮನಿರು ಅಂತ ಅವತ್ತು ನಾನು ಗದರಿಸಿದ್ದು ಆ ಐದು ನಿಮಿಷಕ್ಕೆ ಮಾತ್ರ… ಇಪ್ಪತ್ತೆರಡು ದಿನಕ್ಕಲ್ಲ.